ಗ್ರಿಡ್ ಸಣ್ಣದಾದಷ್ಟೂ ಎಂಜಿನ್ ಆನ್-ಆಫ್ ಹೆಚ್ಚುತ್ತಿದೆ, ಉತ್ತರ ಒಂದು ಕಡೆ ನಿಲ್ಲುತ್ತಿಲ್ಲ

ನಿಧಾನಗತಿ:
ಎಲ್ಲರಿಗೂ ನಮಸ್ಕಾರ. ಸಮತಟ್ಟಾದ ರಸ್ತೆಯಲ್ಲಿ ಒಂದು ಕಾರು 10 ನಿಮಿಷದಲ್ಲಿ 10 ಕಿಲೋಮೀಟರ್ ಸಾಗಬೇಕು. ಹೊರಡುವಾಗಲೂ ಮುಟ್ಟುವಾಗಲೂ ವೇಗ ಗಂಟೆಗೆ 60 ಕಿ.ಮೀ. ಇರಬೇಕು. ಇಂಧನ ಆದಷ್ಟು ಕಡಿಮೆ ಉರಿಯಬೇಕು. ನನ್ನ ನಿಯಂತ್ರಣ ಎಂಜಿನ್ ಕೊಡುವ ಸಾಮರ್ಥ್ಯ. ಅದನ್ನು ‘ಸ’ ಎಂದು ಬರೆಯುತ್ತೇನೆ, 0ಯಿಂದ 40 ಕಿಲೋವ್ಯಾಟ್‌ವರೆಗೆ. ಎಂಜಿನ್ ಚಾಲನೆಯಲ್ಲಿದ್ದಾಗ ಸೆಕೆಂಡಿಗೆ ಉರಿಯುವ ಇಂಧನ, ಗ್ರಾಂಗಳಲ್ಲಿ:

0.2 + 0.06 ಸ + 0.0005 ಸ²

ಎಂಜಿನ್ ಆರಿಸಿದರೆ ಸ = 0, ಇಂಧನವೂ 0. ಪ್ರತಿರೋಧಕ್ಕೆ ಖರ್ಚಾಗುವ ಸಾಮರ್ಥ್ಯದಲ್ಲಿ ವೇಗದ ಒಂದು ಪದ, ವೇಗದ ಘನದ ಒಂದು ಪದ ಇವೆ. 60ರಲ್ಲಿ ಸರಿಯಾಗಿ 8 ಕಿಲೋವ್ಯಾಟ್ ಬೇಕಾಗುವಂತೆ ಗುಣಾಂಕಗಳನ್ನು ಹೊಂದಿಸಿದ್ದೇನೆ. ಅಂಕಿಗಳೆಲ್ಲ ನಾನೇ ಇಟ್ಟುಕೊಂಡ ಮಾದರಿಯವು, ಯಾವುದೇ ಕಂಪನಿಯ ಎಂಜಿನ್‌ನದ್ದಲ್ಲ.

60ರ ವೇಗವನ್ನೇ ಹಿಡಿದು ಹೋದರೆ 427.2 ಗ್ರಾಂ ಬೇಕು. ಸಾಲ್ವರ್, ಅಂದರೆ ಕನಿಷ್ಠವನ್ನು ಹುಡುಕಿಕೊಡುವ ಸಾಫ್ಟ್‌ವೇರ್, ಅದನ್ನು ಒಪ್ಪುವುದಿಲ್ಲ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಮತ್ತೆ ಓಡಿಸುವ ಉತ್ತರ ಕೊಡುತ್ತದೆ. ಅದು ಅಗ್ಗವೇ, ನಿಜ. ಆದರೆ ಗ್ರಿಡ್‌ನ, ಅಂದರೆ 10 ನಿಮಿಷವನ್ನು ತುಂಡು ಮಾಡಿದ ಕಾಲದ, ಅಂತರವನ್ನು 4 ಸೆಕೆಂಡಿನಿಂದ 2ಕ್ಕೆ, 2ರಿಂದ 1ಕ್ಕೆ ಇಳಿಸಿದರೆ ಆನ್-ಆಫ್ ಎಣಿಕೆ ಪ್ರತಿ ಸಲವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಂಧನ ಮಾತ್ರ 384ರ ಸ್ವಲ್ಪ ಮೇಲೆ ತೆವಳುತ್ತಾ ಇಳಿಯುತ್ತದೆ. ಬೇರೆ ಆರಂಭಿಕ ಊಹೆ ಕೊಟ್ಟರೆ ಬೇರೆಯದೇ ಚಿತ್ರ, ಇಂಧನ ಅಷ್ಟೇ.

ಕೈಬರಹದ ಲೆಕ್ಕವೂ ನನ್ನ ಪರವಾಗಿಯೇ ಇದೆ ಎನ್ನಿಸುತ್ತದೆ. ನಿಯಂತ್ರಣಗಳು ಬದ್ಧವಾಗಿವೆ, ಹಾಗಾಗಿ ವೆಚ್ಚವನ್ನು ಇಳಿಸುತ್ತಾ ಹೋಗುವ ಯಾವುದೇ ಅನುಕ್ರಮಕ್ಕೂ ದುರ್ಬಲವಾಗಿ, ಅಂದರೆ ಪ್ರತಿ ಕಾಲಾವಧಿಯ ಸರಾಸರಿಗಳ ಮಟ್ಟದಲ್ಲಿ, ಅಭಿಸರಿಸುವ ಒಂದು ಉಪಾನುಕ್ರಮ ಇದೆ. ವೇಗಗಳಂತೂ ಏಕರೂಪವಾಗಿ ಅಭಿಸರಿಸುತ್ತವೆ. ಹಾಗಾದರೆ ಮಿತಿಯಲ್ಲಿ ಸಿಗುವ ನಿಯಂತ್ರಣವೇ ಉತ್ತರವಾಗಬೇಕಲ್ಲವೇ? ಎಲ್ಲಿ ಸಿಕ್ಕಿಕೊಂಡಿದ್ದೇನೆ?

ತಿರುಗುಮೊಳೆ:
ಸಾಲ್ವರ್‌ನ ಟಾಲರೆನ್ಸ್, ಅಂದರೆ ಅದು ಒಪ್ಪುವ ದೋಷದ ಮಿತಿ, ಎಷ್ಟಿಟ್ಟಿದ್ದೀರಿ? ಆನ್-ಆಫ್‌ಗೆ 0-1 ಚಲಗಳನ್ನು ಬಳಸಿದ್ದೀರಾ ಅಥವಾ ಸೊನ್ನೆಯ ಬಳಿಯ ನೆಗೆತವನ್ನು ನುಣುಪಾಗಿಸಿದ್ದೀರಾ? ನನಗೆ ಇಂತಹ ಗರಗಸದ ಹಲ್ಲುಗಳು ಕಂಡಾಗಲೆಲ್ಲ ಟಾಲರೆನ್ಸ್ ಬಿಗಿ ಮಾಡಿದರೆ ಸರಿಹೋಗಿದೆ. ಇನ್ನೊಂದು ಮಾತು, ವಿಷಯಕ್ಕೆ ಹೊರಗಿನದು: ಇದನ್ನು ನಿಜವಾದ ಕಾರಿನಲ್ಲಿ ಮಾಡಿ ನೋಡಬೇಡಿ. ಎಂಜಿನ್ ಆರಿದರೆ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಒಂದೆರಡು ಸಲ ಒತ್ತುವುದರಲ್ಲಿ ಮುಗಿಯುತ್ತದೆ, ಸ್ಟಿಯರಿಂಗ್ ಕೂಡ ಬಿಗಿಯಾಗಬಹುದು.

ನಿಧಾನಗತಿ:
0-1 ಚಲಗಳೇ ಸರ್. ಟಾಲರೆನ್ಸ್ ಬಿಗಿ ಮಾಡಿದ್ದಾಯಿತು, ಬೇರೆ ಸಾಲ್ವರ್ ಹಾಕಿದ್ದೂ ಆಯಿತು. ಹಲ್ಲುಗಳು ಇನ್ನಷ್ಟು ಚೂಪಾದವು, ಅಷ್ಟೇ.

ಎಪ್ಸಿಲಾನ್_ಡೆಲ್ಟಾ:
ಸಾಲ್ವರನ್ನು ಬಿಟ್ಟುಬಿಡಿ, ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ನಿಮ್ಮ ಸಮಸ್ಯೆಗೆ ಕನಿಷ್ಠವೇ ಇಲ್ಲ. ಇಲ್ಲದ್ದನ್ನು ಹುಡುಕಲು ಕಳುಹಿಸಿದರೆ ಅದು ಹುಡುಕುತ್ತಲೇ ಇರುತ್ತದೆ.

ಮೊದಲು ಇದನ್ನು ನಿಮ್ಮದೇ ಅಂಕಿಗಳಿಂದ ಸಾಧಿಸೋಣ. ಮೂಲಬಿಂದುವಿನಿಂದ ನಿಮ್ಮ ಇಂಧನದ ವಕ್ರರೇಖೆಗೆ ಸ್ಪರ್ಶಕ ಎಳೆಯಿರಿ. ಅದು ತಾಗುವುದು ಸ² = 0.2 / 0.0005 = 400 ಆದಾಗ, ಅಂದರೆ ಸ = 20ರಲ್ಲಿ. ಅಲ್ಲಿ ಇಂಧನ ಸೆಕೆಂಡಿಗೆ 0.2 + 1.2 + 0.2 = 1.6 ಗ್ರಾಂ; ಆದ್ದರಿಂದ ಸ್ಪರ್ಶಕದ ಇಳಿಜಾರು 0.08. ವಕ್ರರೇಖೆ ಎಲ್ಲೆಡೆ ಈ ಗೆರೆಯ ಮೇಲೆಯೇ ಇದೆ, ತಾಗುವುದು 0 ಮತ್ತು 20ರಲ್ಲಿ ಮಾತ್ರ. ಹಾಗಾಗಿ ನೀವು ಏನೇ ಮಾಡಿದರೂ ಒಟ್ಟು ಇಂಧನ, ಎಂಜಿನ್ ಕೊಟ್ಟ ಒಟ್ಟು ಶಕ್ತಿಯ 0.08 ಪಟ್ಟಿಗಿಂತ ಕಡಿಮೆಯಾಗದು. ಆ ಶಕ್ತಿ ಎಷ್ಟು? ಮೊದಲ ವೇಗವೂ ಕೊನೆಯ ವೇಗವೂ ಒಂದೇ, ಆದ್ದರಿಂದ ಶಕ್ತಿಯೆಲ್ಲ ಪ್ರತಿರೋಧಕ್ಕೇ ಹೋಗುತ್ತದೆ. ಪ್ರತಿರೋಧದ ಫಲನ ವೇಗದಲ್ಲಿ ಪೀನ (ಬಟ್ಟಲಿನಂತೆ ಕೆಳಕ್ಕೆ ಉಬ್ಬಿದ್ದು; ಸರಾಸರಿಯಲ್ಲಿ ಅದರ ಬೆಲೆ, ಬೆಲೆಗಳ ಸರಾಸರಿಯನ್ನು ಮೀರದು), ಸರಾಸರಿ ವೇಗ 60 ಎಂದು ನಿಗದಿಯಾಗಿದೆ; ಯೆನ್ಸನ್ ಅಸಮತೆಯ ಪ್ರಕಾರ ಶಕ್ತಿ 8 × 600 = 4800 ಕಿಲೋಜೂಲ್‌ಗಿಂತ ಕಡಿಮೆಯಾಗದು, ವೇಗ ಕದಲದೆ ನಿಂತಾಗ ಮಾತ್ರ ಸಮ. ಒಟ್ಟು ಕೆಳಮಿತಿ 0.08 × 4800 = 384 ಗ್ರಾಂ. ನಿಮ್ಮ ಸಾಲ್ವರ್ ತೆವಳುತ್ತಿರುವುದು ಇದರ ಕಡೆಗೇ.

ಈಗ 384ನ್ನು ಮುಟ್ಟಲು ಏನು ಬೇಕು ನೋಡಿ. ಸ ಯಾವಾಗಲೂ 0 ಅಥವಾ 20 ಆಗಿರಬೇಕು. ಜೊತೆಗೆ ವೇಗ ಕದಲಬಾರದು, ಎಂದರೆ ಸ ಯಾವಾಗಲೂ 8 ಆಗಿರಬೇಕು. ಎರಡೂ ಒಟ್ಟಿಗೆ ಆಗುವ ಮಾತಲ್ಲ. ಆದರೆ ಹತ್ತಿರ ಹೋಗಲು ಅಡ್ಡಿಯಿಲ್ಲ: ಶೇಕಡಾ 40ರಷ್ಟು ಹೊತ್ತು 20, ಉಳಿದ ಹೊತ್ತು 0, ಇದನ್ನು ಬೇಗ ಬೇಗ ಬದಲಿಸಿದಷ್ಟೂ ವೇಗದ ಅಲುಗಾಟ ಕುಗ್ಗುತ್ತದೆ, ಇಂಧನ 384ರತ್ತ ಇಳಿಯುತ್ತದೆ. ಯಾವ ತುಂಡಿನಲ್ಲಿ ಮೊದಲು ಆನ್, ಯಾವುದರಲ್ಲಿ ಮೊದಲು ಆಫ್ ಎಂಬುದರಿಂದ ವೆಚ್ಚ ಬದಲಾಗುವುದು ತೀರ ಅಲ್ಪ; ಬೇರೆ ಊಹೆಗೆ ಬೇರೆ ಚಿತ್ರ ಬರುತ್ತಿದ್ದದ್ದು ಅದಕ್ಕೆ.

ಇನ್ನು ನಿಮ್ಮ ಕೈಬರಹದ ಲೆಕ್ಕ. ಉಪಾನುಕ್ರಮ ಇದೆ, ಸರಿ. ವೇಗಗಳು ಏಕರೂಪವಾಗಿ ಅಭಿಸರಿಸುತ್ತವೆ, ಅದೂ ಸರಿ. ಈ ಅನುಕ್ರಮದ ದುರ್ಬಲ ಮಿತಿ ಸ = 8. ಅನುಕ್ರಮದ ವೆಚ್ಚಗಳು 384ಕ್ಕೆ ಹೋಗುತ್ತವೆ, ಆದರೆ ಮಿತಿಯ ವೆಚ್ಚ 427.2! ಮಿತಿಗೆ ಹೋದಾಗ ವೆಚ್ಚ ಮೇಲಕ್ಕೆ ಹಾರಿತು. ಈ ಹಾರಾಟ ಆಗಕೂಡದು ಎಂಬ ಷರತ್ತಿಗೇ ಲೋವರ್ ಸೆಮಿಕಂಟಿನ್ಯುಯಿಟಿ, ಕೆಳ ಅರೆ-ಅವಿಚ್ಛಿನ್ನತೆ ಎನ್ನುವುದು: ಮಿತಿಯ ವೆಚ್ಚ, ವೆಚ್ಚಗಳ ಕೆಳಮಿತಿಯನ್ನು ಮೀರಬಾರದು. ಕೆಳಕ್ಕೆ ಬಿದ್ದರೆ ನಮಗೆ ಲಾಭವೇ, ಅದಕ್ಕೇ ಪೂರ್ತಿ ಅವಿಚ್ಛಿನ್ನತೆಯನ್ನು ಯಾರೂ ಕೇಳುವುದಿಲ್ಲ. ಸಾಂದ್ರತೆ (ಅಭಿಸರಿಸುವ ಉಪಾನುಕ್ರಮ ಯಾವಾಗಲೂ ಸಿಗುವ ಗುಣ) ಮತ್ತು ಈ ಗುಣ ಎರಡೂ ಸೇರಿದರೆ ಕನಿಷ್ಠ ಸಿಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಟಲಿಯ ತೊನೆಲ್ಲಿ ಕಟ್ಟಿದ ವಿಧಾನದ ತಿರುಳು ಇದೇ. ನಿಮ್ಮಲ್ಲಿ ಮೊದಲರ್ಧ ಇದೆ, ಎರಡನೆಯದು ಇಲ್ಲ.

ನಿಧಾನಗತಿ:
ಯೆನ್ಸನ್ ಭಾಗ ಕಾಗದದ ಮೇಲೆ ಮಾಡಿ ನೋಡಿದೆ, 384 ಬಂತು. ಆದರೆ ಒಂದು ಗೊಂದಲ ಉಳಿದಿದೆ. ನನ್ನ ಇಂಧನ ಫಲನ ಸೊನ್ನೆಯಲ್ಲಿ ಕೆಳಕ್ಕೇ ನೆಗೆಯುತ್ತದೆ, ಅಲ್ಲಿ ಅದರ ಬೆಲೆ 0, ಪಕ್ಕದಲ್ಲಿ 0.2. ಅಂದರೆ ಬಿಂದುವಿನ ಮಟ್ಟದಲ್ಲಿ ಅದು ಕೆಳ ಅರೆ-ಅವಿಚ್ಛಿನ್ನವೇ ಆಯಿತಲ್ಲ? ಒಳಗಿನ ಫಲನಕ್ಕೆ ಇರುವ ಗುಣ ಅನುಕಲಕ್ಕೆ ಏಕೆ ದಾಟಲಿಲ್ಲ?

ಎಪ್ಸಿಲಾನ್_ಡೆಲ್ಟಾ:
ಒಳ್ಳೆಯ ಪ್ರಶ್ನೆ. ನಿಯಂತ್ರಣಗಳು ಬಿಂದುಬಿಂದುವಿನಲ್ಲೂ ಅಭಿಸರಿಸಿದ್ದರೆ ದಾಟುತ್ತಿತ್ತು. ಫಾತೂ ಪ್ರಮೇಯ (ಋಣವಲ್ಲದ ಫಲನಗಳ ಕೆಳಮಿತಿಯ ಅನುಕಲ, ಅನುಕಲಗಳ ಕೆಳಮಿತಿಯನ್ನು ಮೀರದು) ಸಾಕಿತ್ತು, ಇಂಧನ ಋಣವಾಗುವುದೂ ಇಲ್ಲ. ಆದರೆ ನಿಮ್ಮ ಅನುಕ್ರಮ 0 ಮತ್ತು 20ರ ನಡುವೆಯೇ ಜಿಗಿದಾಡುತ್ತದೆ. ಯಾವ ಕ್ಷಣದಲ್ಲೂ ಅದು 8ರ ಹತ್ತಿರ ಸುಳಿಯುವುದಿಲ್ಲ. 8 ಎಂಬುದು ಸರಾಸರಿಗಳ ಮಿತಿ ಮಾತ್ರ. ದುರ್ಬಲ ಅಭಿಸರಣ ಸರಾಸರಿಯನ್ನಷ್ಟೇ ನೆನಪಿಡುತ್ತದೆ.

ಇಲ್ಲಿ ಪೀನತೆ ಕೈಹಿಡಿಯುತ್ತದೆ. ಮಾಜುರ್ ಪ್ರಮೇಯದ ಪ್ರಕಾರ, ದುರ್ಬಲವಾಗಿ ಅಭಿಸರಿಸುವ ಅನುಕ್ರಮದ ಪದಗಳನ್ನು ತಕ್ಕ ತೂಕಗಳಲ್ಲಿ ಬೆರೆಸಿದರೆ ಬಲವಾಗಿ, ಅಂದರೆ ಮಿತಿಯೊಂದಿಗಿನ ವ್ಯತ್ಯಾಸವೇ ಸೊನ್ನೆಗೆ ಇಳಿಯುವಂತೆ, ಅಭಿಸರಿಸುವ ಹೊಸ ಅನುಕ್ರಮ ಸಿಗುತ್ತದೆ. ಅದಕ್ಕೆ ಫಾತೂ ಅನ್ವಯಿಸುತ್ತದೆ. ಆದರೆ ಬೆರಕೆಯ ವೆಚ್ಚವನ್ನು ಮೂಲ ಪದಗಳ ವೆಚ್ಚದಿಂದ ಅಳೆಯಬೇಕು; ಬೆರಕೆಯ ವೆಚ್ಚ ವೆಚ್ಚಗಳ ಬೆರಕೆಗಿಂತ ಹೆಚ್ಚಲ್ಲ ಎನ್ನುವುದಕ್ಕೆ ಪೀನತೆಯೇ ಬೇಕು. ನಿಮ್ಮ ಫಲನದಲ್ಲಿ 8ರ ವೆಚ್ಚ 0.712, ಬೆರಕೆಯದು 0.64. ಸಾಧನೆ ಮುರಿಯುವುದು ಸರಿಯಾಗಿ ಅಲ್ಲಿಯೇ.

ವೆಚ್ಚ ನಿಯಂತ್ರಣವನ್ನು ಮಾತ್ರ ಅವಲಂಬಿಸಿದ್ದರೆ ಇದು ತಿರುಗುಮುರುಗಾಗಿಯೂ ನಿಜ: ಪೀನತೆ ಇಲ್ಲದಿದ್ದರೆ ಈ ಗುಣವೂ ಇಲ್ಲ, ನೀವು ಮಾಡಿದ ಆನ್-ಆಫ್ ಆಟವೇ ಅದಕ್ಕೆ ಪುರಾವೆ. ಸ್ಥಿತಿಯೂ (ನಿಮ್ಮಲ್ಲಿ ಕಾರಿನ ವೇಗ) ಸೇರಿದ ಸಾಮಾನ್ಯ ರೂಪವನ್ನು ಗಣಿತಜ್ಞ ಯೊಫೆ 1977ರಲ್ಲಿ ಕೊಟ್ಟರು. ಸ್ಥೂಲವಾಗಿ ಹೇಳುವುದಾದರೆ, ಸ್ಥಿತಿ ಬಲವಾಗಿ, ನಿಯಂತ್ರಣ ದುರ್ಬಲವಾಗಿ ಅಭಿಸರಿಸಿದರೆ ಸಾಕು. ಒಳಗಿನ ಫಲನ ನಿಯಂತ್ರಣದಲ್ಲಿ ಪೀನವಾಗಿರಬೇಕು, ಸ್ಥಿತಿಯಲ್ಲಿ ಆಗಿರಬೇಕಿಲ್ಲ, ಮತ್ತು ಕೆಳಗಿನಿಂದ ಹಿಡಿತದಲ್ಲಿರಬೇಕು. ಆ ಕೊನೆಯ ಷರತ್ತನ್ನು ಜನ ಸುಲಭವಾಗಿ ಮರೆಯುತ್ತಾರೆ. ನಿಮ್ಮಲ್ಲಿ ಇಂಧನ ಋಣವಾಗದ ಕಾರಣ ಚಿಂತೆಯಿಲ್ಲ.

ಗಾಳಿಪಟ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ವೆಚ್ಚ ನಿಯಂತ್ರಣದ ವರ್ಗ, ಅದಕ್ಕಿಂತ ಪೀನ ಇನ್ನೇನು ಬೇಕು? ಆದರೂ ಇದೇ ತರಹದ ಹಲ್ಲುಗಳು ಬರುತ್ತಿವೆ. ವ್ಯತ್ಯಾಸವೆಂದರೆ ನನ್ನ ಚಲನ ಸಮೀಕರಣದಲ್ಲಿ ನಿಯಂತ್ರಣದ ಘನ ಇದೆ.

ಎಪ್ಸಿಲಾನ್_ಡೆಲ್ಟಾ:
ಆ ಘನವೇ ಕಾರಣ, ಮೇಡಂ. ವೆಚ್ಚದ ಪೀನತೆಯನ್ನು ಒಂಟಿಯಾಗಿ ನೋಡಿದರೆ ಸಾಕಾಗುವುದು ಚಲನ ಸಮೀಕರಣ ನಿಯಂತ್ರಣದಲ್ಲಿ ಸರಳರೇಖೀಯವಾಗಿದ್ದಾಗ ಮಾತ್ರ. ಇಲ್ಲವಾದರೆ ಸ್ಥಿತಿಯ ಬದಲಾವಣೆಯ ದರವನ್ನು ಅಡ್ಡ ಅಕ್ಷದಲ್ಲೂ ವೆಚ್ಚವನ್ನು ಲಂಬ ಅಕ್ಷದಲ್ಲೂ ಇಟ್ಟು, ಸಾಧ್ಯವಿರುವ ಜೋಡಿಗಳನ್ನೂ ಅವುಗಳ ಮೇಲಿನ ಜಾಗವನ್ನೂ ಗುರುತಿಸಿ. ಆ ಗಣ ಪೀನವಾಗಿರಬೇಕು. ಫಿಲಿಪ್ಪೊವ್ 1959ರಲ್ಲಿ, ಅನಂತರ ಚೆಸಾರಿ ಬಳಸಿದ ಷರತ್ತು ಈ ಜಾತಿಯದು. ನಿಮ್ಮಲ್ಲಿ ದರ ನಿಯಂತ್ರಣದ ಘನ, ವೆಚ್ಚ ವರ್ಗ. ಹಾಗಾಗಿ ವೆಚ್ಚ ದರದ 2/3ನೆಯ ಘಾತ, ಅದು ಸೊನ್ನೆಯ ಎರಡೂ ಬದಿಗೆ ಒಳಬಾಗಿದೆ. ಉದಾಹರಣೆಗೆ ನಿಯಂತ್ರಣದ ಗರಿಷ್ಠ 1 ಎಂದಿಟ್ಟುಕೊಂಡು ಸರಾಸರಿ ದರ 0.5 ಬೇಕೆಂದರೆ, ಏಕಪ್ರಕಾರವಾಗಿ ಹೋದಾಗ ವೆಚ್ಚ 0.63, ಅರ್ಧ ಹೊತ್ತು ಪೂರ್ತಿ ಕೊಟ್ಟು ಅರ್ಧ ಹೊತ್ತು ಸುಮ್ಮನಿದ್ದರೆ 0.5.

ತಿರುಗುಮೊಳೆ:
ಅಂದರೆ ಅಸಂಖ್ಯ ಸ್ವಿಚ್ ಕಂಡಲ್ಲೆಲ್ಲ ಕನಿಷ್ಠ ಇಲ್ಲ ಎಂದು ಬರೆದುಕೊಳ್ಳಬಹುದೇ?

ಎಪ್ಸಿಲಾನ್_ಡೆಲ್ಟಾ:
ಖಂಡಿತ ಬೇಡ. ಫುಲ್ಲರ್ 1960ರ ಸುಮಾರಿಗೆ ಕೊಟ್ಟ ಸಮಸ್ಯೆಯನ್ನು ನೋಡಿ: ವೇಗೋತ್ಕರ್ಷವೇ ನಿಯಂತ್ರಣ, ಅದರ ಪರಿಮಾಣ 1ನ್ನು ಮೀರಬಾರದು, ಸ್ಥಾನದ ವರ್ಗದ ಅನುಕಲ ಕನಿಷ್ಠವಾಗಬೇಕು. ವೆಚ್ಚದಲ್ಲಿ ನಿಯಂತ್ರಣವೇ ಇಲ್ಲ, ಪೀನತೆಗೆ ಧಕ್ಕೆಯಿಲ್ಲ, ಕನಿಷ್ಠ ಇದೆ. ಆದರೂ ಆ ಉತ್ತರದಲ್ಲಿ ಸೀಮಿತ ಕಾಲದೊಳಗೆ ಅನಂತ ಸ್ವಿಚ್‌ಗಳಿವೆ! ಒಂದೊಂದು ಅವಧಿ ಹಿಂದಿನದಕ್ಕಿಂತ ಸುಮಾರು 4.13 ಪಟ್ಟು ಚಿಕ್ಕದಾಗುತ್ತಾ ಮೂಲಬಿಂದು ತಲುಪುವ ಕ್ಷಣದಲ್ಲಿ ಬಂದು ಒಟ್ಟುಗೂಡುತ್ತವೆ. ಚಿತ್ರದಲ್ಲೇ ಎರಡನ್ನೂ ಬೇರೆ ಮಾಡಬಹುದು. ಫುಲ್ಲರ್ ತರಹದ್ದಾದರೆ ಗ್ರಿಡ್ ಇಮ್ಮಡಿಸಿದಾಗ ಮೊದಲ ಸ್ವಿಚ್‌ಗಳು ಇದ್ದಲ್ಲೇ ಇರುತ್ತವೆ, ಕೊನೆಯ ಬಳಿ ಒಂದೆರಡು ಹೊಸದಾಗಿ ಸೇರಬಹುದು ಅಷ್ಟೇ. ನಿಧಾನಗತಿಯವರದ್ದರಲ್ಲಿ ಉದ್ದಕ್ಕೂ ಎಲ್ಲ ಕಡೆ ಹಲ್ಲುಗಳು, ಗ್ರಿಡ್‌ನೊಂದಿಗೆ ಎಲ್ಲವೂ ಸ್ಥಳ ಬದಲಿಸುತ್ತವೆ.

ನಿಧಾನಗತಿ:
ಹಾಗಾದರೆ ನಾನು ಕೋಡಿನಲ್ಲಿ ಈಗ ಏನು ಬದಲಿಸಬೇಕು?

ಎಪ್ಸಿಲಾನ್_ಡೆಲ್ಟಾ:
ನಿಮಗೆ ಬೇಕಾದದ್ದು ಏನು ಎಂಬುದರ ಮೇಲೆ ಹೋಗುತ್ತದೆ. 384 ಎಂಬ ಸಂಖ್ಯೆ ಮತ್ತು ನಯವಾದ ವೇಗದ ರೇಖೆ ಸಾಕೆಂದರೆ ಸಮಸ್ಯೆಯನ್ನು ಸಡಿಲಿಸಿ. 0-1 ಚಲವನ್ನು ತೆಗೆದು ‘ಚಾಲನೆಯ ಪಾಲು’ ಎಂಬ 0ಯಿಂದ 1ರವರೆಗಿನ ಚಲವನ್ನಿಡಿ, ಆನ್ ಇದ್ದಾಗಿನ ಸಾಮರ್ಥ್ಯ ಇನ್ನೊಂದು ಚಲ. ಕಾರಿಗೆ ಸಿಗುವುದು ಇವೆರಡರ ಗುಣಲಬ್ಧ, ಇಂಧನವೂ ಪಾಲಿನಿಂದ ಗುಣಿಸಿದ್ದು. ಎಲ್. ಸಿ. ಯಂಗ್ 1937ರಲ್ಲಿ ಸಾಮಾನ್ಯೀಕೃತ ವಕ್ರರೇಖೆಗಳೆಂದು ಆರಂಭಿಸಿ, 1960ರ ದಶಕದಲ್ಲಿ ವಾರ್ಗಾ ಮತ್ತು ಗಾಮ್‌ಕ್ರೆಲಿಡ್ಜೆ ನಿಯಂತ್ರಣಕ್ಕೆ ತಂದದ್ದು ಇದನ್ನೇ. ಇಲ್ಲಿ ಇನ್ನೂ ಸುಲಭ: 20ರವರೆಗೆ ಇಂಧನ = 0.08 ಸ, ಅದರ ಮೇಲೆ ನಿಮ್ಮ ಮೂಲ ಸೂತ್ರ. ಈ ಪೀನ ಹೊದಿಕೆಯನ್ನು ಹಾಕಿದರೆ ಪೂರ್ಣಾಂಕ ಚಲವೇ ಬೇಡ. ಆಮೇಲೆ ಆನ್-ಆಫ್ ವೇಳಾಪಟ್ಟಿ ಬೇಕೆಂದರೆ ಪಾಲನ್ನು ಕೂಡಿಸುತ್ತಾ ಹೋಗಿ, ಬಾಕಿ ಅರ್ಧ ಅಂತರ ದಾಟಿದಾಗಲೆಲ್ಲ ಆನ್ ಮಾಡಿ; ಸಮ್-ಅಪ್ ರೌಂಡಿಂಗ್ ಎಂದು ಇದಕ್ಕೆ ಹೆಸರು. ದೋಷ ಅಂತರದ ಅನುಪಾತದಲ್ಲಿ ಕುಗ್ಗುತ್ತದೆ.

ನಿಜವಾಗಿ ಓಡುವ ವೇಳಾಪಟ್ಟಿಯೇ ಬೇಕಾದರೆ ಮಾದರಿಗೆ ಪ್ರತಿ ಸ್ಟಾರ್ಟ್‌ನ ಇಂಧನವನ್ನು ಸೇರಿಸಿ. ಎಂಜಿನ್ನನ್ನು ಪುಕ್ಕಟೆಯಾಗಿ ಸ್ಟಾರ್ಟ್ ಮಾಡಬಹುದು ಎಂದು ನೀವು ಬರೆದುಕೊಟ್ಟಿದ್ದೀರಿ, ಸಾಲ್ವರ್ ಅದನ್ನು ನಂಬಿತು. ಸ್ಟಾರ್ಟ್‌ಗೆ ಬೆಲೆ ಬಂದ ಕೂಡಲೇ ಸ್ವಿಚ್‌ಗಳ ಎಣಿಕೆಗೆ ಮೇಲ್ಮಿತಿ ಬರುತ್ತದೆ, ಸ್ವಿಚ್ ಕ್ಷಣಗಳು ಅಭಿಸರಿಸುತ್ತವೆ, ಆನ್-ಆಫ್ ವಿನ್ಯಾಸ ಬಲವಾಗಿಯೇ ಅಭಿಸರಿಸುತ್ತದೆ. ಆನ್ ಇದ್ದಾಗಿನ ಇಂಧನ ಹೇಗೂ ಸಾಮರ್ಥ್ಯದಲ್ಲಿ ಪೀನ. ಹೊದಿಕೆಯ ಹಂಗಿಲ್ಲದೆ ಕನಿಷ್ಠ ಸಿಗುತ್ತದೆ.

ನಿಧಾನಗತಿ:
ಎರಡನ್ನೂ ಮಾಡಿದೆ. ಹೊದಿಕೆ ಹಾಕಿದಾಗ ಯಾವ ಗ್ರಿಡ್ ಕೊಟ್ಟರೂ 384, ವೇಗ ಗೆರೆ ಎಳೆದಂತೆ 60. ಸ್ಟಾರ್ಟ್‌ಗೆ ಬೆಲೆ ಹಾಕಿದಾಗ ಒಂದು ಹಂತದ ನಂತರ ಗ್ರಿಡ್ ಸಣ್ಣದಾಗಿಸಿದರೂ ಸ್ವಿಚ್ ಎಣಿಕೆ ಬದಲಾಗುವುದಿಲ್ಲ. ಬೆಲೆಯನ್ನು ಅರ್ಧಕ್ಕಿಳಿಸಿದರೆ ಎಣಿಕೆ ಇಮ್ಮಡಿಯಾಗಬಹುದು ಎಂದುಕೊಂಡಿದ್ದೆ, ಕಾಲು ಪಾಲಷ್ಟೇ ಏರಿತು. ಇದು ಸರಿಯೇ? ಬೆಲೆಯ ಬದಲು ‘ಕನಿಷ್ಠ 5 ಸೆಕೆಂಡ್ ಆನ್ ಇರಬೇಕು’ ಎಂಬ ನಿಯಮ ಹಾಕಿದರೂ ನಡೆಯುತ್ತದೆಯೇ?

ಎಪ್ಸಿಲಾನ್_ಡೆಲ್ಟಾ:
ಸರಿಯಾಗಿಯೇ ಇದೆ. ಸ್ಟಾರ್ಟ್‌ಗಳು ಹೆಚ್ಚಿದಂತೆ ವೇಗದ ಅಲುಗಾಟ ಅದೇ ಅನುಪಾತದಲ್ಲಿ ಕುಗ್ಗುತ್ತದೆ, ಅದರಿಂದಾಗುವ ಹೆಚ್ಚುವರಿ ಇಂಧನ ಎಣಿಕೆಯ ವರ್ಗದಂತೆ ಕುಗ್ಗುತ್ತದೆ. ಸ್ಟಾರ್ಟ್‌ಗಳ ಖರ್ಚು ಎಣಿಕೆಯಂತೆ ಏರುತ್ತದೆ. ಎರಡರ ಮೊತ್ತ ಕನಿಷ್ಠವಾಗುವಲ್ಲಿ ಎಣಿಕೆ, ಬೆಲೆಯ ಘನಮೂಲಕ್ಕೆ ವಿಲೋಮ. 2ರ ಘನಮೂಲ 1.26. ಕನಿಷ್ಠ ಅವಧಿಯ ನಿಯಮವೂ ನಡೆಯುತ್ತದೆ, ಅದೂ ಸ್ವಿಚ್ ಎಣಿಕೆಯನ್ನು ಕಟ್ಟಿಹಾಕುತ್ತದೆ. ಗ್ರಿಡ್ ಅಂತರ ಮಾತ್ರ 5 ಸೆಕೆಂಡಿಗಿಂತ ಸಾಕಷ್ಟು ಚಿಕ್ಕದಿರಲಿ, 1 ಅಥವಾ 0.5. ಇಲ್ಲದಿದ್ದರೆ ನಿಮ್ಮನ್ನು ತಡೆಯುತ್ತಿರುವುದು ನಿಯಮವೋ ಗ್ರಿಡ್ಡೋ ಎಂದು ಗೊತ್ತಾಗುವುದಿಲ್ಲ.