ಹಂಚಿನ ಮನೆ ಜಾಗದಲ್ಲಿ 20 ಮಹಡಿಯೋ, 5 ಮಹಡಿಯೋ? ಮಂಗಳೂರಿನವರ ಅನುಭವ

ಕೇಳಿದ್ದು: ಮಂಗಳೂರಿನ ಬಿಜೈ ಹತ್ತಿರ ನಮ್ಮ ಅಜ್ಜಿ ಕಾಲದ ಹಂಚಿನ ಮನೆ ಇದೆ. ಜಾಗ 40 ಸೆಂಟ್ಸ್. ಒಂದು ಬಾವಿ, ನಾಲ್ಕು ತೆಂಗು, ಒಂದು ಹಲಸು. ನಾವು ಮೂವರು ಮಕ್ಕಳು. ಜಾಯಿಂಟ್ ಡೆವಲಪ್‌ಮೆಂಟ್ (ಜಾಗ ನಮ್ಮದು, ಕಟ್ಟುವುದು ಅವರು, ಮನೆಗಳನ್ನು ಹಂಚಿಕೊಳ್ಳುವುದು) ಕೇಳಿಕೊಂಡು ಇಬ್ಬರು ಬಿಲ್ಡರ್ ಬಂದಿದ್ದಾರೆ. ಒಬ್ಬರು ಪಕ್ಕದ ಮನೆಯವರ ಜಾಗವನ್ನೂ ಸೇರಿಸಿ 20 ಮಹಡಿ ಕಟ್ಟುತ್ತಾರಂತೆ. ಇನ್ನೊಬ್ಬರು ನಮ್ಮ ಜಾಗದಲ್ಲೇ 5 ಮಹಡಿ ಸಾಕು ಅನ್ನುತ್ತಾರೆ. ಅಮ್ಮನಿಗೆ 71, ಕಟ್ಟಿದ ಮೇಲೆ ಅಲ್ಲೇ ಬಂದು ಇರುತ್ತೇನೆ ಅಂತ ಹಟ. ಜಾಗ ಕೊಟ್ಟವರು, ಎತ್ತರದಲ್ಲೋ ಸಣ್ಣ ಅಪಾರ್ಟ್‌ಮೆಂಟಿನಲ್ಲೋ ಇದ್ದವರು ಸ್ವಲ್ಪ ಹೇಳಿ.

ಜಾಗ ಕೊಟ್ಟ ಒಬ್ಬರು: ನಮ್ಮದೂ ಇದೇ ಕತೆ. ಕದ್ರಿ ಕಡೆ 32 ಸೆಂಟ್ಸ್ ಇತ್ತು, ಪಕ್ಕದವರದ್ದು 25. ಎರಡೂ ಸೇರಿದರೆ ದೊಡ್ಡ ಟವರ್ ಆಗುತ್ತದೆ, ಇಬ್ಬರಿಗೂ ಲಾಭ ಅಂದರು. ಲೆಕ್ಕ ಸರಿಯೇ ಇತ್ತು. ಆದರೆ ಪಕ್ಕದ ಮನೆಯ ಹಕ್ಕುದಾರರು ಒಬ್ಬಿಬ್ಬರಲ್ಲ, ಅಳಿಯಸಂತಾನದ, ಅಂದರೆ ಹೆಣ್ಣಿನ ಕಡೆಯಿಂದ ಪಾಲು ಬರುವ ಹಳೇ ಆಸ್ತಿ. ಮುಂಬೈಯಲ್ಲಿ ನಾಲ್ಕು ಜನ, ದುಬೈಯಲ್ಲಿ ಇಬ್ಬರು. ನಾವು ಮನೆ ಬಿಟ್ಟು ಬಾಡಿಗೆಗೆ ಹೋದ ಮೇಲೆ ಅವರಲ್ಲೊಬ್ಬರು ಕೋರ್ಟಿಗೆ ಹೋದರು. ಮೂರು ವರ್ಷ ಅಂದದ್ದು ಏಳು ವರ್ಷ ಆಯ್ತು. ಬಿಲ್ಡರ್ ಬಾಡಿಗೆ ಕೊಡುತ್ತೇನೆ ಅಂದಿದ್ದರು. ಕರಾರಿನಲ್ಲಿ 36 ತಿಂಗಳು ಅಂತ ಬರೆದಿತ್ತು, 37ನೇ ತಿಂಗಳಿಂದ ನಿಂತುಹೋಯ್ತು. ನನ್ನ ಅಪ್ಪ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ, ಕರಾರು ಓದದೆ ಸಹಿ ಹಾಕಿದ್ದು ನಾವೇ.

ಇನ್ನೊಂದು ತಪ್ಪು ಮಾಡಿದೆವು. "ನಾಲ್ಕು ಫ್ಲಾಟ್" ಅಂತ ಬರೆಸಿಕೊಂಡೆವು, ಯಾವ ಮಹಡಿ, ಯಾವ ದಿಕ್ಕು ಅಂತ ಬರೆಸಲಿಲ್ಲ. ಕೊನೆಗೆ ಸಿಕ್ಕಿದ್ದು ಎರಡನೇ, ಮೂರನೇ ಮಹಡಿ, ಜನರೇಟರ್ ಪಕ್ಕ. ಸಮುದ್ರ ಕಾಣುವ ಮಹಡಿಗಳೆಲ್ಲ ಮಾರಾಟಕ್ಕೆ ಹೋಗಿದ್ದವು. ಕರೆಂಟ್ ಹೋದಾಗಲೆಲ್ಲ ನಮ್ಮ ಅಡುಗೆ ಮನೆಯ ಪಾತ್ರೆ ಟಣಟಣ ಅನ್ನುತ್ತವೆ.

ಪಕ್ಕದ ಜಾಗ ಸೇರಿಸುವುದಾದರೆ ಮೊದಲು ಅವರ ವಂಶವೃಕ್ಷ ನೋಡಿ, ಆಮೇಲೆ ನಕ್ಷೆ ನೋಡಿ.

16ನೇ ಮಹಡಿಯಲ್ಲಿ ಆರು ವರ್ಷ ಇರುವವರು: ಮೇಲೆ ಇರುವ ಸುಖ ಮೊದಲು ಹೇಳುತ್ತೇನೆ. ಏಪ್ರಿಲ್-ಮೇ ಬೇಗೆಯಲ್ಲೂ ಸಂಜೆ ಫ್ಯಾನ್ ಬೇಡ. ಸೊಳ್ಳೆ ಕಡಿಮೆ. ಬಾಲ್ಕನಿಯಿಂದ ಒಂದು ಗೆರೆ ಸಮುದ್ರ.

ಈಗ ಜೂನ್. ಅಷ್ಟು ಎತ್ತರದಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಅಡ್ಡಕ್ಕೆ ಬರುತ್ತದೆ. ಪಶ್ಚಿಮದ ಕಿಟಕಿಯ ಸ್ಲೈಡಿಂಗ್ ಚಾನೆಲ್‌ನಲ್ಲಿ ನೀರು ತುಂಬಿ ಗಾಳಿಗೆ ಬುಳುಬುಳು ಅನ್ನುತ್ತದೆ, ಆಮೇಲೆ ಒಳಗೆ ಚೆಲ್ಲುತ್ತದೆ. ಅಪ್ಪನ ಹಳೇ ಪಂಚೆ ನಾಲ್ಕು ತುಂಡು ಮಾಡಿ ಇಟ್ಟುಕೊಂಡಿದ್ದೇವೆ. ರಾತ್ರಿ ಎರಡು ಗಂಟೆಗೆ ಎದ್ದು ಹಿಂಡಿ ಬಕೆಟ್ಟಿಗೆ ಹಾಕುವುದು, ಮತ್ತೆ ತುರುಕುವುದು. ನಮ್ಮ ಊರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕೇ ತಿಂಗಳಲ್ಲಿ. ಹಂಚಿನ ಮನೆಯಲ್ಲಿ ಸೂರು ಎರಡೂವರೆ ಅಡಿ ಮುಂದೆ ಚಾಚಿರುತ್ತಿತ್ತು ಅಲ್ವಾ, ಅದು ಯಾಕೆ ಅಂತ ಇಲ್ಲಿ ಬಂದ ಮೇಲೆ ಗೊತ್ತಾಯ್ತು. ಟವರಿನ ಎಲಿವೇಶನ್‌ನಲ್ಲಿ ಸೂರು ಇರುವುದಿಲ್ಲ.

ಅಮ್ಮನ ಬಗ್ಗೆ ಒಂದು ಮಾತು. ನಮ್ಮ ಅತ್ತೆ ಮೊದಲ ವರ್ಷ ದಿನಾ ಕೆಳಗೆ ಇಳಿಯುತ್ತಿದ್ದರು. ಎರಡು ಸಲ ಲಿಫ್ಟ್ ಮಧ್ಯೆ ನಿಂತಿತು. ಈಗ ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ.

ಸಿವಿಲ್ ಎಂಜಿನಿಯರ್ ಒಬ್ಬರು: 20 ಮಹಡಿ ಅಂದ ಕೂಡಲೇ ನಾಲ್ಕು ಪಟ್ಟು ಮನೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಷ್ಟು ಕಟ್ಟಬಹುದು ಅನ್ನುವುದು ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) ಮೇಲೆ, ಎತ್ತರದ ಮೇಲೆ ಅಲ್ಲ. ನಿಮ್ಮ 40 ಸೆಂಟ್ಸ್ ಅಂದರೆ 17,424 ಚದರ ಅಡಿ. ಲೆಕ್ಕಕ್ಕೆ ಎಫ್‌ಎಆರ್ 2.5 ಹಿಡಿಯಿರಿ, 43,560 ಚದರ ಅಡಿ ಕಟ್ಟಬಹುದು. ಅದನ್ನೇ 5 ಮಹಡಿಗೆ ಹಂಚಿದರೆ ಒಂದೊಂದರಲ್ಲಿ 8,712. 20 ಮಹಡಿಗೆ ಹಂಚಿದರೆ 2,178, ಲಿಫ್ಟು, ಎರಡು ಮೆಟ್ಟಿಲು, ಪೈಪು ಕಳೆದು ಒಂದೇ ಮನೆ. ಮನೆಗಳ ಒಟ್ಟು ಜಾಗ ಹೆಚ್ಚೂ ಕಡಿಮೆ ಅಷ್ಟೇ, ಟವರಿನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ.

ಹಾಗಾದರೆ ಟವರ್ ಯಾಕೆ ಅಂದರೆ, ಮೇಲಿನ ಮಹಡಿಗೆ ರೇಟು ಜಾಸ್ತಿ. ಜಾಗ ದೊಡ್ಡದಿದ್ದು ರಸ್ತೆ ಅಗಲ ಇದ್ದರೆ ಎಫ್‌ಎಆರ್ ಜಾಸ್ತಿ ಸಿಗಬಹುದು, ಟಿಡಿಆರ್, ಅಂದರೆ ಬೇರೆ ಜಾಗದವರ ಕಟ್ಟುವ ಹಕ್ಕು ಕೊಂಡು ಇನ್ನಷ್ಟು ಏರಿಸಬಹುದು. ಪಕ್ಕದ ಜಾಗ ಬೇಕು ಅನ್ನುವುದಕ್ಕೂ ಕಾರಣ ಇದೆ. ಎತ್ತರ ಹೆಚ್ಚಿದಂತೆ ಸುತ್ತ ಬಿಡುವ ಜಾಗವೂ ಹೆಚ್ಚಬೇಕು, ನಿಮ್ಮ 40ರಲ್ಲಿ ಅದು ಸುಮ್ನೆ ಕೂರುವುದಿಲ್ಲ. ನಿಮ್ಮ ಪಾಲು ಕೇಳುವಾಗ ಮಹಡಿ ಎಣಿಸಬೇಡಿ, ಒಟ್ಟು ಚದರ ಅಡಿ ಮತ್ತು ಅದರ ಬೆಲೆ ಎಣಿಸಿ.

ಬೆಂಕಿ ವಿಷಯ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರಿನಿಂದಲೇ ಹೈರೈಸ್ ಲೆಕ್ಕ. ಕೆಳಗೆ ಪಾರ್ಕಿಂಗ್ ಬಿಟ್ಟು 5 ಮಹಡಿ ಕಟ್ಟಿದರೂ ಅದನ್ನು ದಾಟುತ್ತದೆ. ಆದ್ದರಿಂದ ಸಣ್ಣ ಕಟ್ಟಡ ತಾನೇ ಅಂತ ಎರಡನೇ ಬಿಲ್ಡರ್ ಬೆಂಕಿ ಆರಿಸುವ ನೀರಿನ ಹೈಡ್ರೆಂಟ್ ಪೈಪು ಹಾಕದೆ ಬಿಟ್ಟರೆ ಒಪ್ಪಬೇಡಿ. 24 ಮೀಟರ್ ದಾಟಿದರೆ ಬೆಂಕಿ ಬಿದ್ದಾಗ ಜನ ನಿಲ್ಲಲು ಆಸರೆ ಜಾಗವೂ ಬೇಕು. ಮಾರಾಟಕ್ಕೆ ಇದ್ದ ಮೇಲೆ ಎರಡೂ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ನಿಮ್ಮ ಜಾಗ 500 ಚದರ ಮೀಟರ್ ದಾಟುತ್ತದೆ.

ನಮ್ಮದು ಗುಡ್ಡದ ಊರು. ಬೇಸ್‌ಮೆಂಟ್ ಅಗೆಯುವುದಿದ್ದರೆ ಮಳೆಗಾಲದಲ್ಲಿ ಬೇಡವೇ ಬೇಡ. ಮೇಲೆ ಮುರಕಲ್ಲು ಗಟ್ಟಿ ಕಾಣುತ್ತದೆ, ಅದರ ಕೆಳಗೆ ಮೆತ್ತಗಿನ ಜೇಡಿ ಇರುತ್ತದೆ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡದ ಕೆಲಸದಲ್ಲಿ ಮಣ್ಣು ಕುಸಿದು ಒಬ್ಬ ಕಾರ್ಮಿಕ ಸತ್ತದ್ದು ಎಲ್ಲರಿಗೂ ನೆನಪಿರಬೇಕು.

ಪ್ಯಾರಿಸ್‌ನಲ್ಲಿರುವ ಪುತ್ತೂರಿನವರು: ಇಲ್ಲಿ 1973ರಲ್ಲಿ 210 ಮೀಟರಿನ ಮೊಂಪಾರ್ನಾಸ್ ಟವರ್ ಬಂತು. ಜನ ಎಷ್ಟು ಬೈದರು ಅಂದರೆ 1977ರಲ್ಲಿ ಊರೊಳಗೆ 37 ಮೀಟರ್ ಮಿತಿ ಹಾಕಿದರು. ಬಹಳಷ್ಟು ಮನೆಗಳು ಆರು-ಏಳು ಮಹಡಿ. ಆದರೂ ಒಂದು ಚದರ ಕಿಲೋಮೀಟರಿಗೆ ಸುಮಾರು 20,000 ಜನ ಇದ್ದಾರೆ. ಎತ್ತರ ಇಲ್ಲದೆಯೂ ಊರು ತುಂಬುತ್ತದೆ.

ಅದಕ್ಕೆ ಒಬ್ಬರು: ಅಲ್ಲಿ ನೆಲದಡಿ ಮೆಟ್ರೋ ಓಡ್ತದೆ ಮಾರಾಯ್ರೆ. ಇಲ್ಲಿ ಬಿಜೈಯಿಂದ ಹಂಪನಕಟ್ಟೆಗೆ ಸಿಟಿ ಬಸ್ಸಿನಲ್ಲಿ ನೇತಾಡಿ ಹೋಗಬೇಕು. 20 ಮಹಡಿಯ ಕಾರೆಲ್ಲ ಬೆಳಿಗ್ಗೆ ಎಂಟೂವರೆಗೆ ಒಂದೇ ಗೇಟಿನಿಂದ ಹೊರಡುವುದನ್ನು ನಮ್ಮ ಓಣಿಗೆ ಬಂದು ನೋಡಿ.

5 ಮಹಡಿ, 12 ಮನೆಗಳ ಅಪಾರ್ಟ್‌ಮೆಂಟಿನ ಸೆಕ್ರೆಟರಿ: ಸಣ್ಣದು ಸ್ವರ್ಗ ಅಂತ ಯಾರೂ ತಿಳಿಯಬೇಡಿ. ಕೊಡಿಯಾಲ್‌ಬೈಲಿನ ನಮ್ಮ ಕಟ್ಟಡಕ್ಕೆ 19 ವರ್ಷ. ಕಳೆದ ವರ್ಷ ಲಿಫ್ಟ್ ಬದಲಿಸಿದೆವು, 9 ಲಕ್ಷ. 12 ಮನೆಗೆ ಹಂಚಿದರೆ ತಲಾ 75,000. ಇಬ್ಬರು ನೆಲಮಹಡಿಯವರು ನಮಗೆ ಲಿಫ್ಟೇ ಬೇಡ ಅಂತ ಕೂತರು. ಟವರಿನಲ್ಲಿ ನೂರು ಮನೆ ಇದ್ದರೆ ಒಬ್ಬರು ಕೊಡದಿದ್ದರೂ ನಡೆಯುತ್ತದೆ, ಇಲ್ಲಿ ಒಬ್ಬರು ಕೊಡದಿದ್ದರೆ ಮೀಟಿಂಗ್ ಮುಗಿಯುವುದಿಲ್ಲ.

ಆದರೆ ಟೆರೇಸಿಗೆ ಶೀಟ್ ಹಾಕಿದ್ದೇವೆ. ಮಳೆಗಾಲದಲ್ಲಿ 12 ಮನೆಯ ಬಟ್ಟೆಯೂ ಅಲ್ಲೇ, ಹಪ್ಪಳ-ಸಂಡಿಗೆಯ ಮಾತೂ ಅಲ್ಲೇ. ನಮ್ಮಲ್ಲಿ 80 ದಾಟಿದವರು ಮೂವರು, ಮೂವರೂ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕುತ್ತಾರೆ.

ಮತ್ತೆ ಬಾವಿ. ನಮ್ಮ ಬಿಲ್ಡರ್ ಮುಚ್ಚಲು ಹೊರಟಿದ್ದರು, ಜಾಗದ ಯಜಮಾನರು ಬಿಡಲಿಲ್ಲ. 2016ರ ಬೇಸಿಗೆಯಲ್ಲೂ 2019ರಲ್ಲೂ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ನಳ್ಳಿ ನೀರಿಗೆ ರೇಷನ್ ಬಂತಲ್ವಾ, ಆಗ 12 ಮನೆಯೂ ಆ ಬಾವಿಯಲ್ಲೇ ದಾಟಿತು. ನೂರು ಮನೆಗೆ ಒಂದು ಬಾವಿ ಏನೂ ಸಾಲದು, ಟ್ಯಾಂಕರೇ ಗತಿ.

ಆಡಿಟರ್ ಆಫೀಸಿನಲ್ಲಿರುವವರು: ಕರಾರು ರಿಜಿಸ್ಟರ್ ಮಾಡಿಸಿ. ಹಾಗಿದ್ದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ (ಆಸ್ತಿ ಕೊಟ್ಟು ಬಂದ ಲಾಭದ ಮೇಲಿನ ತೆರಿಗೆ) ಕಟ್ಟಡದ ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ವರ್ಷಕ್ಕೆ ಬರುತ್ತದೆ. ಮುಂಚೆಯೇ ಯಾರಾದರೂ ತಮ್ಮ ಪಾಲು ಮಾರಿದರೆ ಅವರಿಗೆ ಆ ವರ್ಷವೇ. ಮೂವರಲ್ಲಿ ದುಡ್ಡಿನ ಅರ್ಜೆಂಟ್ ಯಾರಿಗೆ ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಕೇಳಿದವರು, ವಾರದ ನಂತರ: ಎಲ್ಲರಿಗೂ ಥ್ಯಾಂಕ್ಸ್. ಪಕ್ಕದ ಮನೆಯ ಹಕ್ಕುದಾರರನ್ನು ಎಣಿಸಿದೆವು, 11 ಜನ. ತಮ್ಮನಿಗೆ ಇನ್ನೂ ಟವರ್ ಮೇಲೆಯೇ ಮನಸ್ಸು, ಅವನಿಗೆ ಮನೆ ಸಾಲ ಇದೆ, ಅವನದ್ದೂ ತಪ್ಪಲ್ಲ. 5 ಮಹಡಿಯವರನ್ನು ಕರೆದು ಬಾವಿ ಉಳಿಸಬೇಕು, ಮೊದಲ ಮಹಡಿಯ ಪೂರ್ವದ ಫ್ಲಾಟ್ ಅಮ್ಮನಿಗೆ ಅಂತ ಕರಾರಿನಲ್ಲೇ ಬರೆಯಬೇಕು ಅಂದೆ. ಬಾವಿ ಉಳಿಸಿದರೆ ಎರಡು ಕಾರಿನ ಪಾರ್ಕಿಂಗ್ ಹೋಗುತ್ತದೆ ಅಂದರು. ಅಮ್ಮ ಒಳಗಿನಿಂದಲೇ ಕೇಳಿದರು, "ನನ್ನ ಹತ್ರ ಕಾರ್ ಎಲ್ಲಿದೆ?" ಸೋಮವಾರ ಹೊಸ ನಕ್ಷೆ ತರುತ್ತಾರಂತೆ. ಹಲಸಿನ ಮರದ ವಿಷಯ ಇನ್ನೂ ಎತ್ತಿಲ್ಲ.