ಕೇಸು ಇಳಿದರೂ ಐಸೋಲೇಷನ್ ಕೋಣೆ ಭರ್ತಿ. ಏನಿದು ಲೆಕ್ಕ?

ರಾತ್ರಿಪಾಳಿ:
ನಾನು ವಾರ್ಡ್ ನರ್ಸ್. ನಮ್ಮಲ್ಲಿ ಐಸೋಲೇಷನ್ ಕೋಣೆ ನಾಲ್ಕೇ. ಡೆಂಗಿ ಏರಿದ ತಿಂಗಳು ಇನ್ನು ನಮ್ಮ ಕಥೆ ಮುಗೀತು ಅಂದುಕೊಂಡಿದ್ದೆ. ನೋಡಿದರೆ ಎರಡು ಕೋಣೆ ಖಾಲಿ! ಈಗ ಒಟ್ಟು ಕೇಸು ಇಳಿದಿವೆ, ಆದರೆ ನಾಲ್ಕೂ ತುಂಬಿವೆ. ನಿನ್ನೆ ಐದನೆಯವರಿಗೆ ಮಾಸ್ಕ್ ಹಾಕಿ ಕಾರಿಡಾರಿನ ಕೊನೆಯಲ್ಲಿ ಕೂರಿಸಿದೆ. ಇನ್ನೂ ಎರಡು ಕೋಣೆ ಕೇಳಬೇಕು. ಎಷ್ಟು ಕೇಸಿಗೆ ಎಷ್ಟು ಬೆಡ್ ಅಂತ ಲೆಕ್ಕ ಇದೆಯಾ?

ಹಳೇ ಸ್ಟೆತ್:
ಡೆಂಗಿಗೆ ಆ ಕೋಣೆ ಬೇಕಾಗಿಲ್ಲ ಅಲ್ವಾ? ಹರಡುವುದು ಸೊಳ್ಳೆ. ಪರದೆ ಕಟ್ಟಿದರೆ ಸಾಮಾನ್ಯ ವಾರ್ಡೇ ಸಾಕು. ಬಾಗಿಲು ಮುಚ್ಚಿದ ಕೋಣೆ ಬೇಕಿರುವುದು ಗಾಳಿಯಲ್ಲಿ ಹರಡುವುದಕ್ಕೆ: ದಡಾರ, ಚಿಕನ್‌ಪಾಕ್ಸ್, ಶ್ವಾಸಕೋಶದ ಟಿಬಿ. ದಡಾರಕ್ಕೆ ದದ್ದು ಎದ್ದ ಮೇಲೆ 4 ದಿನ. ಚಿಕನ್‌ಪಾಕ್ಸ್‌ಗೆ ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟುವ ತನಕ. ಒಟ್ಟು ಕೇಸು ನೋಡಿ ಏನೂ ತಿಳಿಯುವುದಿಲ್ಲ.

ಗಣಿತದ ಹುಚ್ಚ:
ದಿನಕ್ಕೆ ಬರುವವರು ಗುಣಿಸು ಉಳಿಯುವ ದಿನ, ಅಷ್ಟೇ. ಎರಡು ದಿನಕ್ಕೊಬ್ಬರು ಬಂದು ಸರಾಸರಿ 6 ದಿನ ಇದ್ದರೆ 3 ಕೋಣೆ. ಹಾಗಾದರೆ ನಾಲ್ಕು ಧಾರಾಳ ಅನಿಸುತ್ತದೆ. ಆದರೆ ರೋಗಿಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಆ ಏರಿಳಿತ ಸೇರಿಸಿದರೆ ಐದು ದಿನದಲ್ಲಿ ಸುಮಾರು ಒಂದು ದಿನ ನಾಲ್ಕು ಕೋಣೆ ಸಾಲದು. ಆರು ಕೋಣೆ ಇದ್ದರೆ ಮೂವತ್ತರಲ್ಲಿ ಒಂದು ದಿನ. ಒಂದೇ ಮನೆಯ ಮೂರು ಮಕ್ಕಳಿಗೆ ಒಟ್ಟಿಗೆ ದಡಾರ ಬಂದರೆ ಈ ಲೆಕ್ಕವೂ ಕೆಡುತ್ತದೆ. ಅಂದ ಹಾಗೆ, ಉಳಿಯುವುದು 6ರಿಂದ 4 ದಿನಕ್ಕೆ ಇಳಿದರೆ ಇರುವ ನಾಲ್ಕೇ ಕೋಣೆ ಇಪ್ಪತ್ತರಲ್ಲಿ ಒಂದು ದಿನ ಮಾತ್ರ ಸಾಲದೆ ಹೋಗುತ್ತದೆ.

ರಾತ್ರಿಪಾಳಿ:
ಕೊನೆಯ ಸಾಲು ಓದಿ ರಿಜಿಸ್ಟರ್ ತೆಗೆದೆ. ನಾಲ್ವರಲ್ಲಿ ಇಬ್ಬರು ಬರೀ ಟಿಬಿ ಶಂಕೆಯವರು. ಯಂತ್ರ ಕಫ ಪರೀಕ್ಷೆ ಮಾಡಲು ತೆಗೆದುಕೊಳ್ಳುವುದು ಸುಮಾರು 2 ಗಂಟೆ. ನಾವು ಶನಿವಾರ ಮಧ್ಯಾಹ್ನ ತೆಗೆದ ಕಫ ಸೋಮವಾರದ ತನಕ ಫ್ರಿಜ್ಜಿನಲ್ಲಿ ಕೂತಿತ್ತು! ರೋಗಿಯೂ ಕೋಣೆಯಲ್ಲಿ ಸುಮ್ನೆ ಕೂತಿದ್ದರು.

ಹಳೇ ಸ್ಟೆತ್:
ಜಾಗ ಸಾಲದಾದಾಗ ದಡಾರ ಖಚಿತವಾದ ಇಬ್ಬರನ್ನು ಒಂದೇ ಕೋಣೆಗೆ ಹಾಕಬಹುದು. ಶಂಕೆಯವರನ್ನು ಮಾತ್ರ ಬೇಡ. ಇಲ್ಲದವರಿಗೂ ನಾವೇ ಅಂಟಿಸಿದಂತೆ.

ರಾತ್ರಿಪಾಳಿ:
ಸರಿ. ಅರ್ಜಿ ಬದಲಾಯಿಸಿದೆ. ಮೊದಲು ಭಾನುವಾರ ಲ್ಯಾಬಿಗೆ ಒಬ್ಬರು, ಆಮೇಲೆ ಕೋಣೆ.