ಸಹಾಯ ಬೇಕು: ಮರದ ನೆರಳು-ಬಿಸಿಲಲ್ಲಿ ಸೀತಾಳೆ ದಂಡೆಯ ಫೋಟೋ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮ ತೋಟದ ಅಂಚಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಹೂಗೊಂಚಲು) ಅರಳಿದೆ. ಮಳೆ ಹಿಡಿಯುವ ಮೊದಲು ಒಳ್ಳೆಯ ಫೋಟೋ ತೆಗೆಯಬೇಕು.

ತೊಂದರೆ ಬೆಳಕಿನದು. ಎಲೆಗಳ ಸಂದಿಯಿಂದ ಬಿಸಿಲು ತುಂಡು ತುಂಡಾಗಿ ಬೀಳುತ್ತದೆ. ಬಿಸಿಲು ತಾಗಿದ ಹೂ ಬರೀ ಬೆಳ್ಳಗೆ ಬರುತ್ತದೆ, ಎಸಳಿನ ನೇರಳೆ ಚುಕ್ಕಿಗಳೇ ಕಾಣುವುದಿಲ್ಲ. ಆ ಚುಕ್ಕಿಗಳೇ ಈ ಹೂವಿನ ಚೆಂದ, ಅಲ್ವಾ? ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸಿದರೆ ಹಿಂದಿನ ಹಸಿರೆಲ್ಲ ಕಪ್ಪು.

ನನ್ನ ಹತ್ತಿರ ಇರುವುದು 55-250 ಎಂಎಂ ಜೂಮ್ ಲೆನ್ಸ್. ರಾ ಫೈಲಲ್ಲೇ (ಆಮೇಲೆ ತಿದ್ದಲು ಅನುಕೂಲವಾಗುವ, ಸಂಸ್ಕರಿಸದ ಫೈಲ್) ತೆಗೆಯುತ್ತೇನೆ. ದಂಡೆ ಎತ್ತರದಲ್ಲಿದೆ, ಬಿಳಿ ಬಟ್ಟೆ ಅಡ್ಡ ಹಿಡಿಯಲು ಆಗುವುದಿಲ್ಲ. ಗಾಳಿಗೆ ತೂಗುತ್ತಲೇ ಇರುವುದರಿಂದ ಶಟರ್ ವೇಗವನ್ನು 1/250 ಸೆಕೆಂಡಿಗಿಂತ ಇಳಿಸಲೂ ಆಗದು. ಮೋಡ ಇದ್ದಾಗ ತೆಗೆದರೆ ಬಣ್ಣ ಚೆನ್ನಾಗಿ ಬರುತ್ತದೆ, ನಿಜ. ಆದರೆ ನನಗೆ ಆ ಬಿಸಿಲೇ ಬೇಕು. ಬೆಳಿಗ್ಗೆ ಓರೆ ಬಿಸಿಲು ಹಿಂದಿನಿಂದ ಬಂದಾಗ ಎಸಳು ಒಳಗಿನಿಂದ ಹೊಳೆದಂತೆ ಕಾಣುತ್ತದೆ.

ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು) ಹೂವಿನ ಮೇಲೇ ಇಡಬೇಕಾ? ಫ್ಲ್ಯಾಶ್ ಸ್ವಲ್ಪ ಕೊಟ್ಟರೆ ಸಹಜತೆ ಹೋಗುತ್ತಾ? ದಂಡೆ ಕಿತ್ತು ಕೆಳಗೆ ತರುವ ಸಲಹೆ ಮಾತ್ರ ಬೇಡ. ಆಗುಂಬೆ, ಹೊಸನಗರ ಕಡೆ ಕಾಡುಹೂ ತೆಗೆಯುವವರು ದಯವಿಟ್ಟು ನಿಮ್ಮ ಸೆಟ್ಟಿಂಗ್ ಹೇಳಿ, ಸಾಧ್ಯವಾದರೆ ಫೋಟೋನೂ ಹಾಕಿ.